ಪ್ರಾಜೆಕ್ಟ್‌ನಲ್ಲಿ ಎಐ ಬಳಸಿದ್ದನ್ನು ನಾನು ತೋರಿಸಿದ ಬಗೆ

ಮಾನಸಗಂಗೋತ್ರಿಯಲ್ಲಿ ಎಂಎ ಇತಿಹಾಸದ ಕೊನೆಯ ಸೆಮಿಸ್ಟರ್ ಪ್ರಾಜೆಕ್ಟ್‌ಗೆ ನಾನು ಆರಿಸಿಕೊಂಡದ್ದು ಮಂಡ್ಯದ ಮೈಶುಗರ್ ಕಾರ್ಖಾನೆ ಮತ್ತು ನಾಲೆ ನೀರಿನ ನಂಟು. ಎಐ ಬಳಸಬಹುದಾ ಎಂದು ಗೈಡ್ ಮೇಡಂ ಅವರನ್ನು ಮೊದಲೇ ಕೇಳಿದೆ. "ಬಳಸು. ಎಲ್ಲಿ, ಯಾಕೆ ಅಂತ ನನಗೆ ಕಾಣಬೇಕು ಅಷ್ಟೇ" ಎಂದರು.

ಅವತ್ತೇ ಒಂದು ಗೂಗಲ್ ಡಾಕ್ ತೆರೆದೆ. ಎಐಗೆ ಕೇಳಿದ ಪ್ರಶ್ನೆ, ಬಂದ ಉತ್ತರ, ತಾರೀಖು, ವರ್ಷನ್, ಅದರಲ್ಲಿ ನಾನು ಉಳಿಸಿಕೊಂಡದ್ದು ಎಷ್ಟು, ಬಿಟ್ಟದ್ದು ಎಷ್ಟು, ಎಲ್ಲ ಅಲ್ಲೇ ಬರೆದಿಟ್ಟೆ. ಕೊನೆಗೆ ಒಟ್ಟಿಗೆ ಬರೆಯೋಣ ಅಂದುಕೊಂಡರೆ ಆಗಲ್ಲ. ಅದೇ ಪ್ರಶ್ನೆ ಮತ್ತೆ ಕೇಳಿದರೆ ಬೇರೆ ಉತ್ತರ ಬರುತ್ತದೆ.

ಹಳೇ ಇಂಗ್ಲಿಷ್ ವರದಿಗಳ ಉದ್ದುದ್ದ ವಾಕ್ಯ ಬಿಡಿಸಿಕೊಳ್ಳಲು, ಅಧ್ಯಾಯಗಳ ಕ್ರಮ ಯೋಚಿಸಲು ಎಐ ಚೆನ್ನಾಗಿ ಒದಗಿತು. ಇಸವಿ, ಹೆಸರುಗಳ ವಿಷಯದಲ್ಲಿ ಅದರ ಮಾತನ್ನು ಬರೀ ಸುಳಿವು ಅಂತ ಇಟ್ಟುಕೊಂಡೆ. ಕಾರ್ಖಾನೆ ಶುರುವಾದದ್ದು 1933ರಲ್ಲಿ, ಅದರ ಹಿಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಇದ್ದರು ಎಂದು ಸರಿಯಾಗಿಯೇ ಹೇಳಿತು. ಆದರೂ ಅಡಿಟಿಪ್ಪಣಿಗೆ ಹೋದದ್ದು ಲೈಬ್ರರಿಯಲ್ಲಿ ನಾನೇ ತೆರೆದು ಓದಿದ ಪುಸ್ತಕದ ಪುಟ. ಇರ್ವಿನ್ ನಾಲೆಯನ್ನೇ ಈಗ ವಿಶ್ವೇಶ್ವರಯ್ಯ ನಾಲೆ ಅನ್ನುವುದು. ಒಂದು ಉತ್ತರದಲ್ಲಿ ಇವೆರಡೂ ಬೇರೆ ಬೇರೆ ನಾಲೆಗಳಾಗಿದ್ದವು! ಮಂಡ್ಯದ ಯಾವ ಅಜ್ಜನಿಗೆ ಹೇಳಿದ್ದರೂ ನಕ್ಕುಬಿಡುತ್ತಿದ್ದರು. ಆ ಉತ್ತರವನ್ನೂ ಅಳಿಸದೆ, ಪಕ್ಕದಲ್ಲಿ 'ತಪ್ಪು, ಬಿಟ್ಟಿದ್ದೇನೆ' ಎಂದು ಬರೆದೆ.

ಉಲ್ಲೇಖ ಕೊಡುವುದು ಕಷ್ಟವೇನಲ್ಲ. ಅದಕ್ಕೆ ಎಪಿಎ, ಎಂಎಲ್‌ಎ ಅಂತ ಬೇರೆ ಬೇರೆ ಶೈಲಿಗಳಿವೆ. ಎಪಿಎ ಶೈಲಿಯಲ್ಲಿ ಲೇಖಕರ ಜಾಗಕ್ಕೆ ಎಐ ಮಾಡಿದ ಕಂಪನಿಯ ಹೆಸರು, ಆಮೇಲೆ ವರ್ಷ, ಎಐ ಹೆಸರು, ವರ್ಷನ್, ಅದು ಲಾರ್ಜ್ ಲ್ಯಾಂಗ್ವೇಜ್ ಮಾಡೆಲ್ ಎಂಬ ಮಾತು, ವೆಬ್ ವಿಳಾಸ. ಎಂಎಲ್‌ಎ ಶೈಲಿಯಲ್ಲಿ ಎಐಗೆ ಲೇಖಕರ ಜಾಗ ಕೊಡುವುದೇ ಇಲ್ಲ; ನಾವು ಕೇಳಿದ ಪ್ರಶ್ನೆಯೇ ಶೀರ್ಷಿಕೆಯ ಜಾಗಕ್ಕೆ ಬರುತ್ತದೆ. ನನಗೆ ಇದೇ ಜಾಸ್ತಿ ಸರಿ ಅನ್ನಿಸಿತು. ಮೇಡಂ ಎಪಿಎ ಅಂದರು, ಹಾಗೇ ಮಾಡಿದೆ. ಜೊತೆಗೆ ಅಧ್ಯಯನದ ವಿಧಾನ ಹೇಳುವ ಕಡೆ ಎಐ ಯಾವ ಕೆಲಸಕ್ಕೆ ಬಳಸಿದೆ ಎಂದು ಒಂದು ಪ್ಯಾರಾ ಬರೆದು, ಆ ಡಾಕ್ ಅನ್ನು ಪೂರ್ತಿ ಅನುಬಂಧಕ್ಕೆ ಸೇರಿಸಿದೆ.

"ಸಿಮಿಲಾರಿಟಿ ಹತ್ತು ಪರ್ಸೆಂಟ್ ಒಳಗೆ ಬಂದರೆ ಮುಗೀತಲ್ವಾ?" ಅನ್ನುವ ಗೆಳೆಯರು ಬೇಕಾದಷ್ಟು ಇದ್ದಾರೆ. ನಕಲು ತಡೆಯಲು ಇಟ್ಟ ಈ 10% ಮಿತಿ ಯುಜಿಸಿಯ 2018ರ ನಿಯಮದ್ದು. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್‌ನಲ್ಲಿ. ಆ ಲೆಕ್ಕ ಹಿಡಿಯುವುದು ಬೇರೆ ಕಡೆಯ ಬರಹಕ್ಕೆ ಹೋಲುವ ಸಾಲುಗಳನ್ನು. ಎಐ ಹೊಸದಾಗಿ ಹೆಣೆದ ಪುಟ ಅದರಲ್ಲಿ ಸಲೀಸಾಗಿ ಪಾಸಾಗಬಹುದು.

ಪ್ರಾಜೆಕ್ಟ್‌ಗಾಗಿ ನಾನು ಮಾತಾಡಿಸಿದ ಕಬ್ಬು ಬೆಳೆಗಾರರ ಮಾತುಗಳನ್ನು ಮಾತ್ರ ಎಐಗೆ ಹಾಕಲೇ ಇಲ್ಲ. ಅವರು ನನ್ನನ್ನು ನಂಬಿ ಸಾಲ, ಬಾಕಿ ಹಣದ ವಿಷಯವೆಲ್ಲ ಹೇಳಿದ್ದರು. ರೆಕಾರ್ಡಿಂಗ್ ಕೇಳಿ ಕೇಳಿ ಕೈಯಾರೆ ಟೈಪ್ ಮಾಡಿದೆ. 'ಈ ಅಧ್ಯಾಯದಲ್ಲಿ ಎಐ ಬಳಸಿಲ್ಲ' ಎಂದೂ ಮೊದಲಿಗೇ ಬರೆದೆ. ಮೇಡಂ ಅದು ಬೇಕಾಗಿಲ್ಲ ಅಂದರು. ನಾನು ತೆಗೆಯಲಿಲ್ಲ.