ಹೊಸಬರಿಗೆ ಮಾರ್ಗದರ್ಶಿ: ಮಗು ನ್ಯಾಪಿ ಬಟ್ಟೆದಾ, ಬಿಸಾಡೋದಾ, ಆಮೇಲೆ ಯಾವ ಬಿನ್ನಿಗೆ ಏನು

ಈ ಊರಿಗೆ ಹೊಸದಾಗಿ ಬಂದವರು ನಮ್ಮ ಸಂಘಕ್ಕೆ ಮಗು ಎತ್ಕೊಂಡು ಬಂದಾಗ ಸ್ಕೂಲು, ಡಾಕ್ಟ್ರು, ಬ್ಯಾಂಕು ಎಲ್ಲಾ ಕೇಳಿ ಮುಗಿಸಿ, ಹೊರಡೋವಾಗ ಚಪ್ಪಲಿ ಹಾಕ್ಕೊಳ್ತಾ ಮೆಲ್ಲಗೆ ಕೇಳೋ ಪ್ರಶ್ನೆ ಒಂದಿದೆ, ಡೈಪರ್, ಅಂದ್ರೆ ನ್ಯಾಪಿ, ಯಾವ ಬಿನ್ನಿಗೆ ಹಾಕೋದು ಅಂತ. ಸಂಕೋಚ ಬೇಡ ಕಣ್ರೀ, ನಾನೂ ತಪ್ಪು ಮಾಡಿದವಳೇ. ಬಂದ ಮೊದಲ ತಿಂಗಳು ಪ್ಯಾಕೆಟ್ ಮೇಲೆ ಮೂರು ಬಾಣದ ಗುರುತು ನೋಡಿ, ಪ್ಲಾಸ್ಟಿಕ್ ತಾನೇ ಅಂದ್ಕೊಂಡು ಎಲ್ಲಾ ನ್ಯಾಪಿನೂ ನೀಟಾಗಿ ಸುತ್ತಿ ರೀಸೈಕ್ಲಿಂಗ್ ಬಿನ್ನಿಗೆ ತುಂಬಿದ್ದೆ. ಕಸದ ದಿನ ಬೀದಿಯವರದ್ದೆಲ್ಲಾ ಖಾಲಿ ಆಗಿತ್ತು, ನಮ್ಮನೇದು ಮಾತ್ರ ತುಂಬಿದ್ದಂಗೇ ನಿಂತಿತ್ತು, ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿದ್ರು. ಮುಂದಿನ ಸರದಿ ಬರೋವರೆಗೂ ಆ ಬಿನ್ ಜೊತೆ ಸಂಸಾರ ಮಾಡಿದೀನಿ, ವಾಸನೆ ಬಗ್ಗೆ ಕೇಳ್ಬೇಡಿ.

ಹಾಗಾಗಿ ಮೊದಲೇ ಹೇಳ್ಬಿಡ್ತೀನಿ: ಬಿಸಾಡೋ ನ್ಯಾಪಿ ಮಾಮೂಲಿ ಕಸದ ಬಿನ್ನಿಗೆ, ರೀಸೈಕ್ಲಿಂಗಿಗೆ ಅಲ್ಲ. ಆ ಬಾಣದ ಗುರುತು ಹೊರಗಿನ ಕವರಿಗೆ ಸಂಬಂಧಪಟ್ಟಿದ್ದು, ಒಳಗಿನ ನ್ಯಾಪಿಗಲ್ಲ. ನ್ಯಾಪಿ ಒಳಗೆ ಮರದ ತಿರುಳಿನ ಹತ್ತಿ ತರದ್ದು, ಹೀರೋ ಜೆಲ್ ಪುಡಿ, ಎರಡು ಮೂರು ತರ ಪ್ಲಾಸ್ಟಿಕ್ಕು, ಎಲಾಸ್ಟಿಕ್ಕು, ಅಂಟು, ಅದರ ಮೇಲೆ ಮಗುವಿನ ಕಾಣಿಕೆ, ಇದನ್ನೆಲ್ಲಾ ಬಿಡಿಸಬೇಕು ಅಂದ್ರೆ ಅದಕ್ಕೇ ಬೇರೆ ಫ್ಯಾಕ್ಟರಿ ಬೇಕು, ಮಾಮೂಲಿ ರೀಸೈಕ್ಲಿಂಗ್ ಸೆಂಟರಲ್ಲಿ ಬೆಲ್ಟ್ ಮೇಲಿಂದ ಯಾರೋ ಪಾಪ ಕೈಯಲ್ಲಿ ಎತ್ತಿ ಆಚೆ ಹಾಕ್ಬೇಕಾಗತ್ತೆ, ಪಕ್ಕದಲ್ಲಿರೋ ಒಳ್ಳೆ ಕಾಗದಾನೂ ಕೆಡತ್ತೆ. ಕೆಲವು ಕಡೆ ನ್ಯಾಪಿನೇ ಬೇರೆ ತಗೊಂಡು ಹೋಗೋ ವ್ಯವಸ್ಥೆ ಇರತ್ತೆ, ನಿಮ್ಮ ಏರಿಯಾದ ಕಸದ ಕ್ಯಾಲೆಂಡರಲ್ಲಿ ಒಂದ್ಸಲ ನೋಡ್ಕೊಳ್ಳಿ. ಇನ್ನು ಪ್ಯಾಕೆಟ್ ಮೇಲೆ "ಬಯೋಡಿಗ್ರೇಡಬಲ್" ಅಂತ ಎಲೆ ಚಿತ್ರ ಹಾಕಿರ್ತಾರಲ್ಲ, ಅದನ್ನ ನಂಬಿ ಹಸಿ ಕಸಕ್ಕೆ ಹಾಕೋಕೆ ಹೋಗ್ಬೇಡಿ, ಅದೂ ಮಾಮೂಲಿ ಕಸಾನೇ.

ಬಟ್ಟೆದು ಒಳ್ಳೇದಾ ಬಿಸಾಡೋದು ಒಳ್ಳೇದಾ ಅನ್ನೋದಕ್ಕೆ ಬರೋಣ, ಯಾಕಂದ್ರೆ ಇದರಲ್ಲಿ ಜಗಳ ಜಾಸ್ತಿ. ಲೆಕ್ಕಕ್ಕೆ ನೋಡಿದ್ರೆ ಒಂದು ಮಗು ಟಾಯ್ಲೆಟ್ಟಿಗೆ ಹೋಗೋದು ಕಲಿಯೋ ಹೊತ್ತಿಗೆ ನಾಲ್ಕರಿಂದ ಆರು ಸಾವಿರ ಬಿಸಾಡೋ ನ್ಯಾಪಿ ಖರ್ಚಾಗತ್ತೆ, ಬಟ್ಟೆದಾದ್ರೆ 20–25 ಇದ್ರೆ ಆಯ್ತು, ಅದೇ ಎರಡನೇ ಮಗುಗೂ ಬರತ್ತೆ. ಕಸದ ವಿಷಯದಲ್ಲಿ ಅಲ್ಲಿಗೆ ಮಾತು ಮುಗೀತು. ಆದ್ರೆ ಒಗೆಯೋಕೆ ಕರೆಂಟು, ನೀರು, ಸೋಪು ಬೇಕಲ್ಲ? ಬ್ರಿಟನ್ನಿನ ಪರಿಸರ ಏಜೆನ್ಸಿಯವರು 2008ರಲ್ಲಿ ಇದನ್ನೇ ಕೂತು ಲೆಕ್ಕ ಹಾಕಿದ್ರು, ಎರಡೂವರೆ ವರ್ಷಕ್ಕೆ ಬಿಸಾಡೋದರಿಂದ ಸುಮಾರು 550 ಕೆಜಿ ಕಾರ್ಬನ್ (ಭೂಮಿ ಬಿಸಿ ಮಾಡೋ ಅನಿಲಗಳನ್ನ ಕಾರ್ಬನ್ ಡೈಆಕ್ಸೈಡ್ ಲೆಕ್ಕಕ್ಕೆ ತಂದಿದ್ದು), ಬಟ್ಟೆದರಿಂದ ಸುಮಾರು 570 ಕೆಜಿ, ಅಂದ್ರೆ ಹೆಚ್ಚೂ ಕಮ್ಮಿ ಸಮ ಸಮ. ಮಜಾ ಇರೋದು ಆಮೇಲೆ: ಮೆಷಿನ್ ತುಂಬಾ ಹಾಕಿ ಒಗೆದು, ಹಗ್ಗದ ಮೇಲೆ ಒಣ ಹಾಕಿ, ಎರಡನೇ ಮಗುಗೂ ಅದನ್ನೇ ಬಳಸಿದ್ರೆ ಬಟ್ಟೆದರ ಲೆಕ್ಕ 40% ಇಳಿಯತ್ತೆ, ಅದೇ ಕುದಿಯೋ ನೀರಲ್ಲಿ ಒಗೆದು ಪ್ರತಿ ಸಲ ಡ್ರೈಯರಿಗೆ ಹಾಕಿದ್ರೆ ಬಿಸಾಡೋದಕ್ಕಿಂತ ಮೇಲೆ ಹೋಗತ್ತೆ. 2023ರಲ್ಲಿ ಅಲ್ಲಿನ ಸರ್ಕಾರ ಪ್ರಕಟಿಸಿದ ಹೊಸ ಲೆಕ್ಕದಲ್ಲಿ ಬಟ್ಟೆದರ ಕಾರ್ಬನ್ ಬಿಸಾಡೋದಕ್ಕಿಂತ 25% ಕಮ್ಮಿ ಅಂತ ಬಂತು. ಹಾಗಾಗಿ ಬಟ್ಟೆ ನ್ಯಾಪಿ ಕೊಂಡ ಮಾತ್ರಕ್ಕೆ ಪುಣ್ಯ ಬರಲ್ಲ, ಒಗೆಯೋ ರೀತಿ ಮೇಲೆ ನಿಂತಿದೆ.

ಒಗೆಯೋದು ಅಂದ ತಕ್ಷಣ ಮುಖ ಸಿಂಡರಿಸ್ಬೇಡಿ, ಬಕೆಟಲ್ಲಿ ನೆನೆಸಿಟ್ಟು ಕೈಯಲ್ಲಿ ತಿಕ್ಕೋದೆಲ್ಲಾ ಬೇಕಿಲ್ಲ, ನೆನೆಸಿಟ್ರೆ ಎಲಾಸ್ಟಿಕ್ಕೂ ವಾಟರ್‌ಪ್ರೂಫ್ ಬಟ್ಟೆನೂ ಹಾಳಾಗತ್ತೆ, ಗಬ್ಬು ವಾಸನೆ ಬೇರೆ. ಕಕ್ಕ ಟಾಯ್ಲೆಟ್ಟಿಗೆ ಉದುರಿಸಿ, ನ್ಯಾಪಿ ಒಳಗೆ ತೆಳು ಲೈನರ್ (ಕಕ್ಕ ಹಿಡಿಯೋ ಹಾಳೆ) ಹಾಕಿದ್ರೆ ಅದು ಸುಲಭ, ಆದ್ರೆ ಲೈನರ್‌ನ ಕಸಕ್ಕೆ ಹಾಕಿ, ಕಮೋಡಿಗೆ ಬೇಡ, ಪ್ಯಾಕೆಟಲ್ಲಿ ಏನೇ ಬರೆದಿರ್ಲಿ. ಉಚ್ಚೆ ನ್ಯಾಪಿನ ರಾತ್ರಿದಾದ್ರೆ ಮಾತ್ರ ಒಂಚೂರು ನೀರಲ್ಲಿ ಜಾಲಿಸಿ, ಎಲ್ಲಾನೂ ಒಣ ಬಕೆಟಲ್ಲೋ ಜಿಪ್ ಬ್ಯಾಗಲ್ಲೋ ಇಟ್ಟು ಎರಡು ದಿನಕ್ಕೊಮ್ಮೆ, ಹೆಚ್ಚಂದ್ರೆ ಮೂರು ದಿನಕ್ಕೊಮ್ಮೆ ಮೆಷಿನಿಗೆ. ಮೊದಲು ತಣ್ಣೀರಲ್ಲಿ ಒಂದು ರಿನ್ಸ್, ಆಮೇಲೆ 60 ಡಿಗ್ರಿ ಉದ್ದದ ಸೈಕಲ್, ಪುಡಿ ಸೋಪು ಸರಿಯಾದ ಅಳತೆಲಿ. ಕಂಫರ್ಟ್ ತರದ ಸಾಫ್ಟನರ್ ಮಾತ್ರ ಹಾಕ್ಲೇಬೇಡಿ, ಬಟ್ಟೆ ಮೇಲೆ ಎಣ್ಣೆ ಪದರ ಕೂತು ನೀರು ಹೀರೋದೇ ನಿಲ್ಲಿಸ್ಬಿಡತ್ತೆ, ರ್‍ಯಾಶ್ ಕ್ರೀಮ್ ದಪ್ಪಗೆ ಬಳಿದ್ರೂ ಅದೇ ಕಥೆ. ಬಿದಿರಿನ ಬಟ್ಟೆ ಚೆನ್ನಾಗಿ ಹೀರತ್ತೆ, ಆದ್ರೆ ಒಣಗೋಕೆ ಯುಗ ಬೇಕು, ಮೈಕ್ರೋಫೈಬರ್ ಬೇಗ ಒಣಗತ್ತೆ ಆದ್ರೆ ಮಗು ಚರ್ಮಕ್ಕೆ ನೇರ ತಾಗ್ಬಾರ್ದು, ಚರ್ಮದ ತೇವಾನೇ ಎಳ್ಕೊಂಡ್ಬಿಡತ್ತೆ. ಹೊಸ ಹತ್ತಿ ನ್ಯಾಪಿ ಮೊದಲ ದಿನ ಸೋರಿದ್ರೆ ಬೈಬೇಡಿ, ನಾಲ್ಕೈದು ಒಗೆತ ಆದ್ಮೇಲೇ ಅದು ಪೂರ್ತಿ ಹೀರೋಕೆ ಶುರು ಮಾಡೋದು.

ಇಲ್ಲಿ ನಮ್ಮನೇಲಿ ಆದ ಒಂದು ಅನಾಹುತ ಹೇಳ್ಬೇಕು. ಒಂದಿನ ಬಟ್ಟೆ ಜೊತೆ ಒಂದು ಬಿಸಾಡೋ ನ್ಯಾಪಿ ನುಸುಳಿ ಮೆಷಿನಿಗೆ ಹೋಯ್ತು, ಬಾಗಿಲು ತೆಗೆದ್ರೆ ನನ್ನ ಯಜಮಾನ್ರ ಕಪ್ಪು ಪ್ಯಾಂಟಿನ ಮೇಲೆಲ್ಲಾ ಸಬ್ಬಕ್ಕಿ ಬೇಯಿಸಿ ಚೆಲ್ಲಿದಂಗೆ! ಆ ಜೆಲ್ ಪುಡಿ ತನ್ನ ತೂಕದ ಹತ್ತಾರು ಪಟ್ಟು ನೀರು ಕುಡಿದು ಉಬ್ಬತ್ತೆ, ಬರೀ ನೀರಾದ್ರೆ ಇನ್ನೂ ಜಾಸ್ತಿ. ಹಂಗೇ ಇನ್ನೊಂದ್ಸಲ ಒಗೆಯೋಕೆ ಹೋಗ್ಬೇಡಿ, ಉಬ್ಬಿದ್ದು ಇನ್ನೂ ಉಬ್ಬತ್ತೆ. ಬಟ್ಟೆನ ಒಣಗಿಸಿ ಹೊರಗೆ ಕೊಡವಿ, ಡ್ರಮ್ಮು ಫಿಲ್ಟರು ಕೈಯಲ್ಲಿ ಒರೆಸಿ ತೆಗೀರಿ, ಉಳಿದಿದ್ದಕ್ಕೆ ಉಪ್ಪು ಉದುರಿಸಿದ್ರೆ ಜೆಲ್ ನೀರು ಬಿಟ್ಟು ಕುಗ್ಗತ್ತೆ. ಬಾಚಿದ್ದು ಕಸಕ್ಕೆ, ಸಿಂಕಿಗೆ ಅಲ್ಲ.

ಉಳಿದ ರೀಸೈಕ್ಲಿಂಗ್ ಬೇಗ ಹೇಳ್ಬಿಡ್ತೀನಿ. ವೆಟ್ ವೈಪ್ಸ್ ನೋಡೋಕೆ ಟಿಶ್ಯೂ ತರ, ಆದ್ರೆ ತುಂಬಾ ವೈಪ್ಸಲ್ಲಿ ಪ್ಲಾಸ್ಟಿಕ್ ನಾರು ಇರತ್ತೆ, ಕಸಕ್ಕೇ ಹೋಗ್ಬೇಕು. ನ್ಯಾಪಿ ಬರೋ ರಟ್ಟಿನ ಡಬ್ಬಾ ಚಪ್ಪಟೆ ಮಾಡಿ ರೀಸೈಕ್ಲಿಂಗಿಗೆ, ಹೊರಗಿನ ಮೆತ್ತಗಿನ ಪ್ಲಾಸ್ಟಿಕ್ ಕವರ್ ಸಾಮಾನ್ಯವಾಗಿ ಮನೆ ಬಿನ್ನಿಗೆ ಆಗಲ್ಲ, ರೀಸೈಕ್ಲಿಂಗ್ ಸೆಂಟರಿನ ಮೆಷಿನ್ನಿಗೆ ಸುತ್ಕೊಳ್ಳತ್ತೆ. ಡಬ್ಬಿ ತಳದಲ್ಲಿ ತ್ರಿಕೋನದೊಳಗೆ 1ರಿಂದ 7ರವರೆಗೆ ನಂಬರ್ ಇರತ್ತಲ್ಲ, ಅದು ಯಾವ ಜಾತಿ ಪ್ಲಾಸ್ಟಿಕ್ ಅಂತ ಮಾತ್ರ ಹೇಳತ್ತೆ, ನಿಮ್ಮೂರಲ್ಲಿ ತಗೋತಾರೆ ಅಂತಲ್ಲ. 1, 2 ಬಾಟಲಿಗಳನ್ನ ಹೆಚ್ಚಿನ ಕಡೆ ತಗೋತಾರೆ. ಡಬ್ಬಿ ಒಂದ್ಸಲ ಜಾಲಿಸಿ ಹಾಕಿ, ಫಳಫಳ ತೊಳೆಯೋದು ಬೇಡ, ಆದ್ರೆ ಎಲ್ಲಾನೂ ಒಂದು ಕವರಲ್ಲಿ ಗಂಟು ಕಟ್ಟಿ ಹಾಕ್ಬೇಡಿ, ಬಿಚ್ಚಿ ನೋಡೋ ಪುರುಸೊತ್ತು ಅಲ್ಲಿ ಯಾರಿಗೂ ಇರಲ್ಲ. ಬ್ಯಾಟರಿ ಯಾವ ಬಿನ್ನಿಗೂ ಬೇಡ, ಕಸದ ಲಾರಿಲೇ ಬೆಂಕಿ ಹತ್ಕೋಬಹುದು. ಡೌಟ್ ಬಂದಿದ್ದು ಕಸಕ್ಕೆ ಹಾಕಿ, "ಇರ್ಲಿ ಪಾಪ ಯಾರೋ ರೀಸೈಕಲ್ ಮಾಡ್ಕೋತಾರೆ" ಅಂತ ಹಾಕೋದೇ ಜಾಸ್ತಿ ಹಾಳು ಮಾಡೋದು.

ನಾನೇನು ಮಾಡಿದೆ ಅಂದ್ರೆ, ಮನೇಲಿ ಹಗಲು ಹೊತ್ತು ಬಟ್ಟೆದು, ರಾತ್ರಿ ಮತ್ತೆ ಪ್ರಯಾಣಕ್ಕೆ ಬಿಸಾಡೋದು. ಕೆಲವರು ಇದನ್ನ ಅರ್ಧಂಬರ್ಧ ಅಂತಾರೆ, ಅಂದ್ಕೊಳ್ಳಲಿ ಬಿಡಿ, ದಿನಕ್ಕೆ ನಾಲ್ಕು ಬಟ್ಟೆದು ಹಾಕಿದ್ರೂ ವರ್ಷಕ್ಕೆ ಸಾವಿರದ ನಾನೂರು ಚಿಲ್ಲರೆ ನ್ಯಾಪಿ ಕಸಕ್ಕೆ ಹೋಗೋದು ತಪ್ಪತ್ತೆ. ಹೆರಿಗೆ ಆದ ಹೊಸದರಲ್ಲಿ ನಿದ್ದೆನೇ ಇಲ್ದಿದ್ದಾಗ ಪೂರ್ತಿ ಬಿಸಾಡೋದೇ ಬಳಸಿ, ಯಾರೂ ಏನೂ ಅನ್ನಲ್ಲ. ಡೇಕೇರಿಗೆ ಬಿಡೋದಾದ್ರೆ ಬಟ್ಟೆದು ಹಾಕ್ತಾರಾ ಅಂತ ಸೇರಿಸೋಕ್ ಮುಂಚೆನೇ ಕೇಳಿ.

ಮೊದಲೇ 20 ಕೊಂಡು ಪಶ್ಚಾತ್ತಾಪ ಪಡ್ಬೇಡಿ, ನಿಮ್ಮ ಮಗು ತೊಡೆ ದಪ್ಪಕ್ಕೆ ಯಾವುದು ಕೂರತ್ತೆ ಅಂತ ಹಾಕಿ ನೋಡಿದ್ರೇನೇ ಗೊತ್ತಾಗೋದು. ಸಂಘದ ಕಪಾಟಲ್ಲಿ ನಾಲ್ಕು ತರದ ನ್ಯಾಪಿ ಇರೋ ಎರಡು ಬ್ಯಾಗ್ ಇಟ್ಟಿದೀವಿ, ಎರಡು ವಾರಕ್ಕೆ ತಗೊಂಡು ಹೋಗಿ ಟ್ರೈ ಮಾಡಿ, ಒಗೆದು ಒಣಗಿಸಿ ವಾಪಸ್ ಇಡಿ. ಸಾಫ್ಟನರ್ ಹಾಕಿದ್ರೆ ಮುಂದಿನ ಮನೆಯವರಿಗೆ ಸೋರತ್ತೆ, ಯಾರು ಹಾಕಿದ್ದು ಅಂತ ಪುಸ್ತಕದಲ್ಲಿ ಹೆಸರು ಇರತ್ತೆ ನೋಡಿ.