ಕ್ಲಿಕ್ ಮಾಡುವ ಮೊದಲು ಒಂದು ವಾಕ್ಯ

ಬೀದಿಯಲ್ಲಿ ಅಪರಿಚಿತರ ಫೋಟೋ ತೆಗೆಯುವವರು ಕ್ಲಿಕ್ ಮಾಡುವ ಮೊದಲು ಆ ವ್ಯಕ್ತಿಯ ಬಗ್ಗೆ ಮನಸ್ಸಲ್ಲೇ ಒಂದು ವಾಕ್ಯ ಹೇಳಿಕೊಳ್ಳಿ, ಕತೆಯ ಮೊದಲ ಸಾಲಿನ ಹಾಗೆ. ಅದರಲ್ಲಿ ‘ಬೇಸರ’, ‘ಖುಷಿ’, ‘ಒಂಟಿ’ ಅನ್ನುವ ಪದ ಬರಬಾರದು. ಬರೀ ಅವರು ಮಾಡುತ್ತಿರುವ ಕೆಲಸ ಇರಬೇಕು. ‘ಚಿಕ್ಕಮಗಳೂರು ಬಸ್ ಸ್ಟ್ಯಾಂಡಿನಲ್ಲಿ ಅಜ್ಜಿ ಸೆರಗಿನ ಗಂಟು ಬಿಚ್ಚಿ, ಚಿಲ್ಲರೆ ಎಣಿಸಿ, ಮತ್ತೆ ಗಂಟು ಹಾಕಿದರು.’ ಒಳ್ಳೆ ಕತೆಗಾರರು ಮಾಡುವುದೂ ಇದನ್ನೇ ಅಲ್ವಾ? ಮನಸ್ಸಲ್ಲಿ ಏನಿದೆ ಅಂತ ಹೇಳುವುದಿಲ್ಲ, ಕೈ ಏನು ಮಾಡುತ್ತಿದೆ ಅಂತ ತೋರಿಸುತ್ತಾರೆ. ಕ್ಯಾಮೆರಾಗೆ ಕಾಣುವುದೂ ಅಷ್ಟೇ. ವಾಕ್ಯ ಸಿಕ್ಕಿದರೆ ಎಲ್ಲಿ ಫೋಕಸ್ ಮಾಡಬೇಕು, ಫ್ರೇಮಿನಿಂದ ಏನು ಬಿಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಆ ಅಜ್ಜಿಯ ಮುಖವೂ ಬೇಕಿಲ್ಲ, ಗಂಟಿನ ಮೇಲಿನ ಬೆರಳು ಸಾಕು. ಶಟರ್ ತೆರೆದಿರುವ ಸಮಯ 1/250 ಸೆಕೆಂಡ್ ಇಟ್ಟುಕೊಂಡರೆ ಬೆರಳು ಅಲುಗಿದರೂ ಅಷ್ಟಾಗಿ ಮಸುಕಾಗುವುದಿಲ್ಲ. ಎಲ್ಲರೂ ಮೊಬೈಲ್ ನೋಡುತ್ತಾ ನಿಂತಿರುವ ಕಡೆ ಇದು ನಡೆಯುವುದಿಲ್ಲ, ಎಲ್ಲರ ವಾಕ್ಯವೂ ಒಂದೇ ಆಗಿಬಿಡುತ್ತದೆ. ಸಂಜೆ ಎಂ.ಜಿ. ರಸ್ತೆಯ ಜನಸಂದಣಿಯಲ್ಲೂ ಕಷ್ಟ. ವಾಕ್ಯ ಮುಗಿಯುವಷ್ಟರಲ್ಲಿ ಅವರು ದಾಟಿ ಹೋಗಿರುತ್ತಾರೆ. ಕಾಯುತ್ತಾ ಕೂತವರಲ್ಲೇ ಹುಡುಕಿ. ಯಾರಾದರೂ ಬೇಡ ಅಂದರೆ ಅವರ ಎದುರೇ ಡಿಲೀಟ್ ಮಾಡಿ.