ಡೆಸ್ಕ್‌ಟಾಪಿನೊಳಗೊಂದು ಪಿಡಿಪಿ-11

ಹೋದ ಬೇಸಿಗೆಯಲ್ಲಿ ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯ ಹಳೇ ಡೆಸ್ಕ್‌ಟಾಪಿನಲ್ಲಿ ಯುನಿಕ್ಸ್ ಆಪರೇಟಿಂಗ್ ಸಿಸ್ಟಂನ 1975ರ ಆರನೇ ಆವೃತ್ತಿ ಓಡಿಸಿದೆ. ಅದು ಓಡುತ್ತಿದ್ದ ಪಿಡಿಪಿ-11 ಎಂಬ ಅಂದಿನ ಕಂಪ್ಯೂಟರನ್ನು ನಾನು ಕಣ್ಣಾರೆ ಕಂಡವನಲ್ಲ. ಸಿಮ್‌ಎಚ್ ಎಂಬ ಓಪನ್ ಸೋರ್ಸ್ ಸಿಮ್ಯುಲೇಟರ್ ಆ ಯಂತ್ರದ ಒಂದೊಂದು ಆದೇಶವನ್ನೂ ನಮ್ಮ ಪ್ರೊಸೆಸರ್ ಮೇಲೆ ನಡೆಸಿಕೊಡುತ್ತದೆ. ಕಾಲ್ಡೆರಾ ಕಂಪನಿ 2002ರಲ್ಲಿ ಈ ಹಳೇ ಯುನಿಕ್ಸ್‌ಗಳಿಗೆ ಮುಕ್ತ ಲೈಸೆನ್ಸ್ ಕೊಟ್ಟಿದ್ದರಿಂದ ಡಿಸ್ಕ್ ಇಮೇಜ್ (ಇಡೀ ಡಿಸ್ಕಿನ ನಕಲಿರುವ ಫೈಲ್) ಸುಲಭವಾಗಿ ಸಿಕ್ಕಿತು. ಇಡೀ ಆರ್‌ಕೆ05 ಡಿಸ್ಕ್ ಸುಮಾರು 2.5 ಎಂಬಿ ಅಷ್ಟೇ.

ಸಿಮ್ಯುಲೇಟರಿಗೆ ಸಿಪಿಯು 11/40 (ಪಿಡಿಪಿ-11ರ ಒಂದು ಮಾದರಿ) ಎಂದು ಹೇಳಿ, ಡಿಸ್ಕ್ ಅಟ್ಯಾಚ್ ಮಾಡಿ, ಬೂಟ್ ಕೊಟ್ಟೆ. ಸಿಂಗಲ್ ಯೂಸರ್ ಮೋಡ್ (ಒಬ್ಬರೇ ಬಳಸುವ ಸ್ಥಿತಿ) ಬೇಕೆಂದರೆ ಯಂತ್ರದ ಮುಂಭಾಗದ ಸ್ವಿಚ್‌ಗಳನ್ನು ಆಕ್ಟಲ್ (ಎಂಟರ ಆಧಾರದ ಸಂಖ್ಯೆ) 173030ಕ್ಕೆ ಇಡಬೇಕು. ಇಲ್ಲಿ ಸ್ವಿಚ್ ಇಲ್ಲ, ಅದರ ಬದಲಿಗಿರುವ ಎಸ್‌ಆರ್ ರಿಜಿಸ್ಟರಿಗೆ ಅದೇ ಸಂಖ್ಯೆ ತುಂಬಿದೆ. ಆದೇಶ ಟೈಪಿಸುವ ಶೆಲ್ ಬಂತು, ಆದರೆ ಎಲ್ಲವೂ ಕ್ಯಾಪಿಟಲ್ ಅಕ್ಷರ! ಕ್ಯಾಪ್ಸ್ ಲಾಕ್ ನೋಡಿದೆ, ಕೀಬೋರ್ಡ್ ಬದಲಿಸಿದೆ. ಕೊನೆಗೆ ಯುನಿಕ್ಸ್‌ನ ತಿರುಳಾದ ಕರ್ನಲ್ ಕೋಡಿನ ಕನ್ಸೋಲ್ ಡ್ರೈವರ್ ತೆಗೆದು ಓದಿದಾಗ ತಿಳಿಯಿತು. ಟೆಲಿಟೈಪ್ 33ರಂಥ ಟರ್ಮಿನಲ್‌ಗಳಲ್ಲಿ ಸಣ್ಣಕ್ಷರವೇ ಇರಲಿಲ್ಲ, ಹಾಗಾಗಿ ಯುನಿಕ್ಸ್ ನನ್ನ ಮುಂದೆಯೂ ಅಂಥದ್ದೇ ಇದೆ ಎಂದು ನಂಬಿಕೊಂಡಿತ್ತು. ಟರ್ಮಿನಲ್ ಹೊಂದಿಸುವ ‘ಎಸ್‌ಟಿಟಿವೈ’ ಆದೇಶಕ್ಕೆ ಎಲ್‌ಕೇಸ್ (ಹೀಗೆ ಕ್ಯಾಪಿಟಲ್ ಮಾಡುವ ಸೆಟ್ಟಿಂಗ್) ತೆಗೆ ಎಂದ ಮೇಲೆ ಸರಿಹೋಯಿತು.

“ಆ ಪಂಖಾ ಯಾಕ್ ಹಿಂಗ ಒದರ್ಲತದ?” ಅಂದಳು ಅವ್ವ. ಸಿಮ್ಯುಲೇಟರ್ ಸುಮ್ಮನಿದ್ದಾಗಲೂ ಪ್ರೊಸೆಸರನ್ನು ಪೂರ್ತಿ ತಿನ್ನುತ್ತಿತ್ತು, ಅದಕ್ಕೇ ಡೆಸ್ಕ್‌ಟಾಪಿನ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ‘ಸೆಟ್ ಸಿಪಿಯು ಐಡಲ್’ ಕೊಟ್ಟೆ, ತಣ್ಣಗಾಯಿತು. ನಮ್ಮೂರಿನ ಮೇ ತಿಂಗಳಲ್ಲಿ ಇದನ್ನು ಮರೆಯಬಾರದು.

ಅಪ್ಪನ ತೊಗರಿ ಚೀಲಗಳ ತೂಕ ಕೂಡಿಸುವ ಪ್ರೋಗ್ರಾಂ ಬರೆಯಲು ಕೂತೆ. ಇಂದು ‘+=’ ಎಂದು ಬರೆಯುವುದನ್ನು ಅಂದಿನ ಸಿ ಭಾಷೆಯಲ್ಲಿ ‘=+’ ಎಂದು ಬರೆಯಬೇಕು: ಸಮ ಚಿಹ್ನೆ ಮೊದಲು, ಕೂಡು ಚಿಹ್ನೆ ಆಮೇಲೆ. ಕೈಗೆ ಒಗ್ಗಲು ಒಂದು ತಾಸು ಹಿಡಿಯಿತು. ಫೈಲ್ ಉಳಿಸಿದ ಸ್ವಲ್ಪ ಹೊತ್ತಿಗೇ ಕರೆಂಟ್ ಹೋಯಿತು. ಬಂದ ಮೇಲೆ ನೋಡಿದರೆ ಫೈಲೇ ಇಲ್ಲ.

ಹಲವರು ಬಳಸುವ ಮಲ್ಟಿಯೂಸರ್ ಮೋಡಿನಲ್ಲಿ ‘ಅಪ್‌ಡೇಟ್’ ಎಂಬ ಪ್ರೋಗ್ರಾಂ 30 ಸೆಕೆಂಡಿಗೊಮ್ಮೆ ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ಇಳಿಸುತ್ತದೆ. ಸಿಂಗಲ್ ಯೂಸರಿನಲ್ಲಿ ಅದು ಓಡುವುದಿಲ್ಲ, ಅದೇ ಕೆಲಸ ಮಾಡುವ ‘ಸಿಂಕ್’ ಆದೇಶವನ್ನು ನಾವೇ ಕೊಡಬೇಕು. ನಾನು ಕೊಟ್ಟಿರಲಿಲ್ಲ. ಡಿಸ್ಕ್ ತಪಾಸಣೆಯ ‘ಐಚೆಕ್’ ಓಡಿಸಿದರೆ ಖಾಲಿ ಬ್ಲಾಕ್‌ಗಳ ಲೆಕ್ಕವೂ ತಪ್ಪಿತ್ತು. ಮೈನಸ್ ಎಸ್ ಕೊಟ್ಟು ಪಟ್ಟಿಯನ್ನು ಹೊಸದಾಗಿ ಕಟ್ಟಿಸಿದೆ. ಇಲ್ಲೊಂದು ಸೂಕ್ಷ್ಮವಿದೆ: ಯುನಿಕ್ಸ್ ತಾನೇ ಓಡುತ್ತಿರುವ ರೂಟ್ ಡಿಸ್ಕನ್ನು ಹೀಗೆ ರಿಪೇರಿ ಮಾಡಿದ ಕೂಡಲೇ ಸಿಂಕ್ ಕೊಡದೆಯೇ ಮರುಬೂಟ್ ಮಾಡಬೇಕು. ಮೆಮೊರಿಯಲ್ಲಿ ಡಿಸ್ಕಿನ ಲೆಕ್ಕವಿರುವ ಹಳೇ ತಪ್ಪು ಸೂಪರ್‌ಬ್ಲಾಕ್ ಕೂತಿರುತ್ತದೆ. ಸಿಂಕ್ ಕೊಟ್ಟರೆ ಅದು ಸರಿಯಾದದ್ದರ ಮೇಲೆ ಬರೆದುಬಿಡುತ್ತದೆ. ಮೊದಲ ಸಲ ನಾನು ಸಿಂಕ್ ಕೊಟ್ಟು ಕೆಡಿಸಿಕೊಂಡೆ, ಎರಡನೇ ಸಲ ಕಂಟ್ರೋಲ್-ಇ ಒತ್ತಿ ಸಿಮ್ಯುಲೇಟರನ್ನು ಅಲ್ಲಿಯೇ ನಿಲ್ಲಿಸಿ ಹೊರಬಂದೆ.

ಪ್ರೋಗ್ರಾಂ ಮತ್ತೆ ಬರೆದು, ಸಿಂಕ್ ಕೊಟ್ಟು, ಓಡಿಸಿದೆ. 17 ಚೀಲಗಳ ಮೊತ್ತ ಬಂತು. ಅಪ್ಪ ಚೀಟಿ ತಂದು ತಾಳೆ ನೋಡಿದರು, ಸರಿಯಿತ್ತು.